ನಡು ಹಿಡಿದವನು ಮತ್ತೆ ಭಾರವೆತ್ತಬಹುದೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಭಾರವೆತ್ತದೆ ದಿನ ಕಳೆಯುವ ಮನೆ ಇಲ್ಲವೆಂದೇ ಹೇಳಬೇಕು. ಕೆಡವಿದ ಕಾಯನ್ನು ತೋಟದಿಂದ ಮನೆಗೆ ಹೊರಬೇಕು. ಮನೆಗೆ ಬಂದುದನ್ನು ಅಟ್ಟಕ್ಕೇರಿಸಬೇಕು. ಅಲ್ಲಿ ಹತ್ತು ಹನ್ನೆರಡು ತಿಂಗಳು ಇದ್ದು, ಒಳಗಣ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟುಕೊಂಡು ಗಡಗಡನೆ ಅಲುಗಲಾರಂಭಿಸಿದಾಗ ಅದನ್ನು ಕೆಳಗಿಳಿಸಬೇಕು. ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸಬೇಕು. ಒಂದು ಕಾಯಿ ಮರವನ್ನು ಬಿಟ್ಟು ಲಾರಿಯನ್ನು ಸೇರುವಷ್ಟರಲ್ಲಿ ಅದೆಷ್ಟು ಮಂದಿಯ ನಡುವನ್ನು ಅದೆಷ್ಟು ಸಲ ಬಗ್ಗಿಸುವುದೋ ಲೆಕ್ಕವಿಟ್ಟವರಿಲ್ಲ.

ಇದು ಸಾಲದೆಂಬಂತೆ ನಮ್ಮ ತರುಣರು ಈಚೆಗೆ ಸಂಜೆಯ ಹೊತ್ತು ಪಟ್ಟಣದ ವ್ಯಾಯಾಮಶಾಲೆಗಳಿಗೆ ಹೋಗಿ ಕಬ್ಬಿಣದ ಸಲಾಕೆಗೆ ತಟ್ಟೆಗಳನ್ನು ಏರಿಸಿಕೊಂಡು ಎತ್ತುತ್ತಾರೆ. ಇದನ್ನು ನಾನು ನಿಂದಿಸತಕ್ಕವನಲ್ಲ. ಬೀದಿಯ ಮೂಲೆಯಲ್ಲಿ ಕುಳಿತು ಕೈಯಲ್ಲಿರುವ ಫೋನನ್ನು ಉಜ್ಜುವುದಕ್ಕಿಂತ ಕಬ್ಬಿಣವನ್ನು ಎತ್ತುವುದು ನೂರು ಪಾಲು ಮೇಲು. ಆದರೆ ಹೀಗೆ ಎರಡು ಕಡೆಯೂ ದುಡಿಯುವ ಬೆನ್ನು ಎಂದಾದರೊಂದು ದಿನ ಹಿಡಿದುಕೊಳ್ಳುವುದುಂಟು. ಆಗ ಮನೆಯಲ್ಲಿ ಎರಡು ಮತಗಳು ಹುಟ್ಟುತ್ತವೆ. ಹಿರಿಯರು "ಇನ್ನು ಜನ್ಮದಲ್ಲಿ ಭಾರವನ್ನು ಮುಟ್ಟಕೂಡದು" ಎನ್ನುತ್ತಾರೆ. ಹುಡುಗನು ನೋವು ತಗ್ಗಿದ ಮರುದಿನವೇ ಮೊದಲಿನಷ್ಟೇ ಭಾರವನ್ನು ಎತ್ತಿ ನೋಡಬೇಕೆನ್ನುತ್ತಾನೆ. ಈ ಎರಡು ಮತಗಳೂ ತಪ್ಪು. ಇವುಗಳ ನಡುವೆ ಒಂದು ದಾರಿ ಇದೆ. ಅದು ನಿಧಾನವಾದ ದಾರಿ, ಆದರೆ ಇರುವುದಂತೂ ನಿಜ. ನಾನು ವೈದ್ಯನಲ್ಲ, ಪಾಠ ಹೇಳಿ ನಿವೃತ್ತನಾದವನು. ಓದಿ ತಿಳಿದುದನ್ನೂ, ಬಲ್ಲ ವೈದ್ಯರನ್ನು ಕೇಳಿ ತಿಳಿದುದನ್ನೂ, ಕಣ್ಣಾರೆ ಕಂಡುದನ್ನೂ ಇಲ್ಲಿ ನಿವೇದಿಸುತ್ತೇನೆ.

ಭಾರವೆತ್ತುವುದು ಪಶ್ಚಿಮದಿಂದ ಬಂದ ಹೊಸ ಹುಚ್ಚೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಮಲ್ಲರು ಮಾಡತಕ್ಕ ಶ್ರಮಗಳಲ್ಲಿ ಭಾರವನ್ನೆತ್ತುವುದೂ, ನೀರಿನಲ್ಲಿ ಈಜುವುದೂ, ಕಂಬದ ಮೇಲಿನ ಸಾಧನೆಯೂ ಅಲ್ಲಿ ಸೇರಿವೆ. ನಮ್ಮ ಗರಡಿಮನೆಗಳ ಗದೆ, ಕರೇಲ, ಗುಂಡುಕಲ್ಲು ಇವು ಆ ಪರಂಪರೆಯವೇ. ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು (೧೮೯೭–೧೯೮೦) ಕಬ್ಬಿಣದ ಸಾಧನೆಯನ್ನೂ ಯೋಗಾಸನಗಳನ್ನೂ ಒಂದುಗೂಡಿಸಿ ತಮ್ಮ ವ್ಯಾಯಾಮಶಾಲೆಯಲ್ಲಿ ಕಲಿಸಿದರು. ೧೯೩೦ರಲ್ಲಿ ಅವರು ಪ್ರಕಟಿಸಿದ ಅಂಗಸಾಧನೆಯ ಇಂಗ್ಲಿಷ್ ಗ್ರಂಥದಲ್ಲಿ ಈ ಸಮನ್ವಯವನ್ನು ಕಾಣಬಹುದು. 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿಗಳನ್ನು ಬರೆದವರೂ ಇವರೇ ಎಂಬುದನ್ನು ನೆನೆದರೆ, ಮಾಂಸಖಂಡವಿದ್ದಲ್ಲಿ ಬುದ್ಧಿ ಇರದೆಂಬ ಮೂದಲೆಗೆ ಬೇರೆ ಉತ್ತರ ಬೇಕಿಲ್ಲ. ನಮ್ಮ ಕಾಲದಲ್ಲಿ ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರು ೨೦೧೮ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಒಟ್ಟು ೨೪೯ ಕಿಲೋ ಎತ್ತಿ ಬೆಳ್ಳಿಯ ಪದಕವನ್ನೂ, ೨೦೨೨ರಲ್ಲಿ ೨೬೯ ಕಿಲೋ ಎತ್ತಿ ಕಂಚಿನ ಪದಕವನ್ನೂ ತಂದರು.

ಈಗ ಬೆನ್ನಿನ ರಚನೆಯನ್ನು ಕೊಂಚ ನೋಡೋಣ. ಕತ್ತು, ಎದೆ, ಸೊಂಟ ಈ ಮೂರು ಭಾಗಗಳಲ್ಲಿ ಒಟ್ಟು ೨೪ ಬಿಡಿ ಕಶೇರುಗಳಿವೆ. ಅವುಗಳಲ್ಲಿ ಸೊಂಟದವು ಐದು. ಶರೀರದ ಮೇಲ್ಭಾಗದ ಹೊರೆಯೆಲ್ಲ ಕೊನೆಗೆ ಬಂದು ಕೂರುವುದು ಈ ಐದರ ಮೇಲೆ. ಅದರಲ್ಲಿಯೂ ಕೆಳಗಿನ ಎರಡು ಸಂದುಗಳ ಮೇಲೆ. ಒಂದು ಕಶೇರುವಿಗೂ ಇನ್ನೊಂದಕ್ಕೂ ನಡುವೆ ಒಂದು ಮೆತ್ತೆ ಇರುತ್ತದೆ. ಇದನ್ನೇ ವೈದ್ಯರು ಡಿಸ್ಕು ಎನ್ನುವುದು. ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ: ಹೊರಗೆ ಮಟ್ಟೆಯಂತೆ ನಾರಿನ ಪದರಗಳು, ಒಳಗೆ ಎಳನೀರಿನ ಗಂಜಿಯಂಥ ಮೆದುವಾದ ತಿರುಳು. ನಾರಿನ ಪದರಗಳಲ್ಲಿ ಎಲ್ಲಿಯಾದರೂ ಬಿರುಕು ಬಿಟ್ಟರೆ ಒಳಗಿನ ತಿರುಳು ಅತ್ತ ಉಬ್ಬುವುದು ಅಥವಾ ಹೊರಗೆ ಚಾಚುವುದು ಉಂಟು. ಪಕ್ಕದಲ್ಲಿಯೇ ಹಾದು ಕಾಲಿಗಿಳಿಯುವ ನರವನ್ನು ಅದು ಕೆಣಕಿದರೆ ನೋವು ಪೃಷ್ಠದಿಂದ ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುತ್ತದೆ. ಈ ಕಾಲುನೋವಿನ ಕ್ರಮವನ್ನು ಚರಕಸಂಹಿತೆಯು 'ಗೃಧ್ರಸೀ' ಎಂಬ ಹೆಸರಿನಿಂದ ವರ್ಣಿಸಿದೆ. ರೋಗಿಯ ನಡಿಗೆ ಹದ್ದಿನ ನಡಿಗೆಯಂತಾಗುವುದರಿಂದ ಆ ಹೆಸರು ಬಂದಿತೆನ್ನುತ್ತಾರೆ. ಆ ನೋವಿಗೂ ಡಿಸ್ಕಿಗೂ ಇರುವ ಸಂಬಂಧವನ್ನು ಶಸ್ತ್ರವೈದ್ಯರಾದ ಮಿಕ್ಸ್ಟರ್, ಬಾರ್ ಎಂಬ ಇಬ್ಬರು ಅಮೆರಿಕದಲ್ಲಿ ೧೯೩೪ರಲ್ಲಿ ಸ್ಪಷ್ಟವಾಗಿ ತೋರಿಸಿದರು.

"ಡಿಸ್ಕು ಜಾರಿದೆ" ಎಂಬ ಮಾತು ಈ ಸೀಮೆಯಲ್ಲಿ ಈಗ "ಸಕ್ಕರೆ ಕಾಯಿಲೆ" ಎಂಬಷ್ಟೇ ಸಾಮಾನ್ಯವಾಗಿದೆ. ಡಿಸ್ಕು ಜಾರುವ ವಸ್ತುವಲ್ಲ. ಅದು ಮೇಲಣ ಕೆಳಗಣ ಮೂಳೆಗಳಿಗೆ ಭದ್ರವಾಗಿ ಅಂಟಿಕೊಂಡಿರುತ್ತದೆ. ಈ ಒಂದು ತಪ್ಪು ಮಾತಿನಿಂದ ಆಗುವ ಹಾನಿ ಅಷ್ಟಿಷ್ಟಲ್ಲ: ಅಲುಗಿದರೆ ಮತ್ತೆ ಜಾರೀತೆಂದು ಹೆದರಿ ಗಟ್ಟಿಮುಟ್ಟಾದ ಗಂಡಸರು ವರ್ಷಗಟ್ಟಲೆ ಮೊರದಷ್ಟು ಭಾರವನ್ನೂ ಎತ್ತದೆ ಕುಳಿತುಬಿಡುತ್ತಾರೆ. ಸ್ಕ್ಯಾನಿನ ಚಿತ್ರವನ್ನು ನೋಡಿ ಎದೆಗುಂದುವವರಿಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ೧೯೯೪ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ ೯೮ ಮಂದಿಯ ಬೆನ್ನಿನ ಎಂ.ಆರ್.ಐ. ಚಿತ್ರಗಳನ್ನು ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ ೫೨ರಷ್ಟು ಮಂದಿಗೆ ಒಂದಲ್ಲ ಒಂದು ಡಿಸ್ಕು ಉಬ್ಬಿದ್ದಿತು. ನೂರಕ್ಕೆ ೨೭ ಮಂದಿಗೆ ಹೊರಕ್ಕೆ ಚಾಚಿದ್ದಿತು. ಅವರಾರಿಗೂ ನೋವಿಲ್ಲ! ತಲೆಯಲ್ಲಿ ನರೆ ಬಂದಂತೆ ಬೆನ್ನಿನೊಳಗೂ ವಯಸ್ಸಿನ ಗುರುತು ಬೀಳುತ್ತದೆ, ಅಷ್ಟೆ. ಚಾಚಿದ ತಿರುಳು ಕೆಲವು ತಿಂಗಳಲ್ಲಿ ತಾನಾಗಿಯೇ ಕುಗ್ಗುವುದೂ ಬಹಳ ಮಂದಿಯಲ್ಲಿ ಕಂಡುಬಂದಿದೆ.

ಹಾಗೆಂದು ಎಲ್ಲ ಬೆನ್ನುನೋವನ್ನೂ ಹಗುರವಾಗಿ ಎಣಿಸತಕ್ಕದ್ದಲ್ಲ. ಮಲಮೂತ್ರಗಳ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ಕುದುರೆಯ ಜೀನನ್ನು ಮುಟ್ಟುವ ಭಾಗವೆಲ್ಲ ಮರಗಟ್ಟಿದರೆ, ಪಾದವನ್ನು ಮೇಲಕ್ಕೆತ್ತಲಾಗದೆ ನಡೆಯುವಾಗ ಬೆರಳು ನೆಲಕ್ಕೆ ತಾಗಿದರೆ, ಅದೇ ದಿನ, ಅದು ರಾತ್ರಿಯಾಗಿದ್ದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಆ ನರಗಳು ಮತ್ತೆ ಚೇತರಿಸದೆ ಹೋಗಬಹುದು. ಜ್ವರದೊಡನೆ ಬಂದ ನೋವು, ಕಾರಣವಿಲ್ಲದೆ ಮೈ ಇಳಿಯುತ್ತಿರುವವನ ನೋವು, ಮಲಗಿದರೂ ಬಿಡದ ರಾತ್ರಿಯ ನೋವು, ಹಿಂದೆ ಅರ್ಬುದರೋಗವಾಗಿದ್ದವನ ನೋವು ಇವನ್ನೂ ವೈದ್ಯರು ಪರೀಕ್ಷಿಸಿಯೇ ತೀರಬೇಕು. ಮರದಿಂದ ಬಿದ್ದವನ ವಿಷಯ ಕೇಳುವುದೇ ಬೇಡ: ಅವನನ್ನು ಎಬ್ಬಿಸಿ ಕೂರಿಸುವುದು, ಬೆನ್ನು ನೀವುವುದು ಯಾವುದನ್ನೂ ಮಾಡದೆ, ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಮುಂದೆ ನಾನು ಹೇಳುವುದೆಲ್ಲ ಇಂಥವರಿಗಲ್ಲ.

ಉಳಿದವರಲ್ಲಿ ಹೆಚ್ಚು ಮಂದಿ ಮೊದಲ ಆರು ವಾರಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಹಿಂದಿನವರು ಇಂಥ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. ೧೯೮೬ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಏಳು ದಿನ ಮಲಗಿದವರು ಎರಡು ದಿನ ಮಲಗಿದವರಿಗಿಂತ ಬೇಗ ಗುಣ ಹೊಂದಲಿಲ್ಲವೆಂದು ತಿಳಿದುಬಂದಿತು. ೧೯೯೫ರಲ್ಲಿ ಫಿನ್ಲೆಂಡಿನವರು ಇನ್ನೂ ಮುಂದೆ ಹೋಗಿ, ನೋವು ಸಹಿಸಬಹುದಾದ ಮಟ್ಟಿಗೆ ನಿತ್ಯದ ಕೆಲಸಗಳನ್ನು ಮಾಡಿಕೊಂಡಿದ್ದವರೇ ಮಲಗಿದವರಿಗಿಂತ ಬೇಗ ಸುಧಾರಿಸಿದರೆಂದು ತೋರಿಸಿದರು. ಆದುದರಿಂದ ನಡು ಹಿಡಿದ ಮಗನಿಗೆ ಹಾಸಿಗೆಯ ಬಳಿಯೇ ಊಟ ತಂದುಕೊಡುವ ತಾಯಿಯ ವಾತ್ಸಲ್ಯವು ಎರಡು ದಿನಕ್ಕೆ ಮುಗಿಯುವುದು ಅವನಿಗೇ ಹಿತ. ಮೂರನೆಯ ದಿನ ಅವನು ಎದ್ದು ಬಂದು ಅಡಿಗೆಮನೆಯಲ್ಲಿ ಊಟ ಮಾಡಲಿ.

ಇನ್ನು ಪ್ರಕೃತಕ್ಕೆ ಬರೋಣ. ಚೇತರಿಸಿಕೊಂಡವನು ಮತ್ತೆ ಭಾರವೆತ್ತಬಹುದೇ? ಇದಕ್ಕೆ ಜಗತ್ತೇ ಬಲ್ಲ ಒಂದು ನಿದರ್ಶನವಿದೆ. ಮಣಿಪುರದ ಮೀರಾಬಾಯಿ ಚಾನು ಅವರು ೨೦೧೭ರಲ್ಲಿ ಜಗಜ್ಜೇತೃವಾಗಿ, ೨೦೧೮ರ ಏಪ್ರಿಲಿನಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದರು. ಅದಾದ ಕೆಲವೇ ದಿನಗಳಲ್ಲಿ ಅವರಿಗೆ ಸೊಂಟದ ನೋವು ಹಿಡಿಯಿತು. ಆ ವರ್ಷದ ಏಷ್ಯನ್ ಕ್ರೀಡೆಗಳನ್ನು ಅವರು ಬಿಡಬೇಕಾಯಿತು. ಪದಕ ಕೈಗೆಟಕುವಂತಿದ್ದರೂ ಬಿಟ್ಟರು ಎಂಬುದನ್ನು ನಮ್ಮ ಹುಡುಗರು ಗಮನಿಸಬೇಕು. ತಿಂಗಳುಗಳ ಚಿಕಿತ್ಸೆ, ಸಾಧನೆಗಳ ಅನಂತರ ೨೦೧೯ರಲ್ಲಿ ಅವರು ಸ್ಪರ್ಧೆಗೆ ಮರಳಿದರು. ೨೦೨೧ರ ಏಪ್ರಿಲಿನಲ್ಲಿ ತಾಷ್ಕೆಂಟಿನಲ್ಲಿ ೧೧೯ ಕಿಲೋ ಎತ್ತಿ ಲೋಕದಾಖಲೆಯನ್ನು ಸ್ಥಾಪಿಸಿದರು. ಜುಲೈ ತಿಂಗಳಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ೪೯ ಕಿಲೋ ವರ್ಗದಲ್ಲಿ ಒಟ್ಟು ೨೦೨ ಕಿಲೋ ಎತ್ತಿ ಬೆಳ್ಳಿಯ ಪದಕವನ್ನು ಪಡೆದರು. ನೊಂದ ಬೆನ್ನು ಮುಗಿದುಹೋದ ಬೆನ್ನಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅವರ ಬಳಿ ಗುರುಗಳೂ ವೈದ್ಯರೂ ಸದಾ ಇದ್ದರು. ನಮ್ಮ ಹುಡುಗರ ಬಳಿ ಇರುವುದು ಬಹುಮಟ್ಟಿಗೆ ಒಂದು ಕನ್ನಡಿ ಮಾತ್ರ.

ಸಾಮಾನ್ಯರ ಮೇಲೆಯೂ ಪರೀಕ್ಷೆಗಳು ನಡೆದಿವೆ. ಸ್ವೀಡನ್ ದೇಶದಲ್ಲಿ ೭೦ ಮಂದಿ ಬೆನ್ನುನೋವಿನವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಗುರವಾದ ಅಂಗಸಾಧನೆಯನ್ನೂ ಇನ್ನೊಂದಕ್ಕೆ ನೆಲದಿಂದ ಭಾರವನ್ನೆತ್ತುವ ಸಾಧನೆಯನ್ನೂ ಕಲಿಸಿದರು. ಇದರ ಫಲಿತಾಂಶ ೨೦೧೫ರಲ್ಲಿ ಪ್ರಕಟವಾಯಿತು. ಎರಡು ಗುಂಪಿನವರಿಗೂ ನೋವು ತಗ್ಗಿತು. ದಿನದ ಕೆಲಸಕಾರ್ಯಗಳ ವಿಷಯದಲ್ಲಿ ಮಾತ್ರ ಹಗುರವಾದ ಸಾಧನೆಯವರೇ ಒಂದು ಹೆಜ್ಜೆ ಮುಂದಿದ್ದರು. ಭಾರವೆತ್ತುವ ಗುಂಪಿನಲ್ಲಿ ಹೆಚ್ಚು ಲಾಭ ಹೊಂದಿದವರು ಯಾರೆಂದರೆ, ಆರಂಭದಲ್ಲಿ ನೋವು ಕಡಿಮೆಯಿದ್ದವರು, ಬೆನ್ನಿನ ಸ್ನಾಯುಗಳಲ್ಲಿ ತಾಳಿಕೆಯಿದ್ದವರು. ಎಂದರೆ, ಮೊದಲು ನೋವನ್ನು ಇಳಿಸಿ ತಾಳಿಕೆಯನ್ನು ಗಳಿಸಿಕೊಳ್ಳಬೇಕು. ಭಾರದ ಸರದಿ ಅನಂತರದ್ದು.

ಆ ತಾಳಿಕೆಗೆ ಎಲ್ಲಕ್ಕಿಂತ ಸುಲಭವಾದ ಸಾಧನ ನಡಿಗೆ. ಇದಕ್ಕೆ ತಟ್ಟೆ ಬೇಡ, ಸಲಾಕೆ ಬೇಡ, ತಿಂಗಳ ಚಂದಾ ಬೇಡ. ಆಸ್ಟ್ರೇಲಿಯದಲ್ಲಿ ಬೆನ್ನುನೋವಿನಿಂದ ಆಗತಾನೆ ಚೇತರಿಸಿಕೊಂಡ ೭೦೧ ಮಂದಿಯ ಮೇಲೆ ನಡೆದು ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ನಡುಗಣನೆಯಲ್ಲಿ ೨೦೮ ದಿನ ಹಿಡಿಯಿತು. ನಡೆಯದೆ ಇದ್ದವರಿಗೆ ೧೧೨ ದಿನ. ತೋಟದ ಬದುವಿನ ಮೇಲೆ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಆರಂಭಿಸಿ, ಅರ್ಧ ಗಂಟೆಗೆ ಏರಿಸಿಕೊಳ್ಳಬೇಕು. ಅರ್ಧ ಗಂಟೆ ನಡೆಯಲು, ಅರ್ಧ ಗಂಟೆ ಕೂರಲು, ನೆಲದ ಮೇಲಿನ ಚೊಂಬನ್ನು ಎತ್ತಿಕೊಳ್ಳಲು ಕಾಲಿನ ನೋವಿಲ್ಲದೆ ಸಾಧ್ಯವಾದ ದಿನ ಕಬ್ಬಿಣದ ಮಾತನ್ನು ಎತ್ತಬಹುದು. ಇಲ್ಲಿ ಒಂದು ಲಕ್ಷಣವನ್ನು ತಿಳಿದಿರಬೇಕು. ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಅಲ್ಲಿಂದ ಸೊಂಟಕ್ಕೆ ಹಿಂಜರಿಯುತ್ತಿದ್ದರೆ, ಸೊಂಟದಲ್ಲಿ ಕೊಂಚ ಹೆಚ್ಚಿದಂತೆ ಕಂಡರೂ, ಅದು ಶುಭಲಕ್ಷಣ. ಸೊಂಟದಿಂದ ಕೆಳಕ್ಕೆ ಹರಿಯುತ್ತಿದ್ದರೆ ಅಶುಭ. ಆಗ ಮಾಡುತ್ತಿರುವ ಸಾಧನೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನನ್ನ ಹಳೆಯ ಶಿಷ್ಯನೊಬ್ಬನ ಸಂಗತಿಯನ್ನು ಇಲ್ಲಿ ಹೇಳಿದರೆ ವಿಷಯ ಸ್ಪಷ್ಟವಾದೀತು. ವಯಸ್ಸು ಇಪ್ಪತ್ತೆಂಟು, ಎರಡೆಕರೆ ತೋಟ, ವ್ಯಾಯಾಮಶಾಲೆಯಲ್ಲಿ ನೆಲದಿಂದ ೧೧೦ ಕಿಲೋ ಎತ್ತುವವನೆಂದು ಗೆಳೆಯರಲ್ಲಿ ಹೆಸರು. ಒಂದು ಸಂಜೆ ಅಲ್ಲಿ ಚೆನ್ನಾಗಿ ದಣಿದು ಬಂದವನು ಮರುದಿನ ಬೆಳಗಿನ ಜಾವ ಹಾಸಿಗೆಯಿಂದೆದ್ದವನೇ ಕೊಬ್ಬರಿಯ ಚೀಲಗಳನ್ನು ಲಾರಿಗೆ ಹಾಕಲು ಹೋದ. ನಾಲ್ಕನೆಯ ಚೀಲವನ್ನು ಎತ್ತಿ ಮೈ ತಿರುಗಿಸುವಾಗ ನಡುವಿನಲ್ಲಿ ಏನೋ ಹರಿದಂತಾಗಿ ಕುಸಿದ. ಎಡಗಾಲಿಗೆ ನೋವು ಇಳಿಯಿತು. ನಾನು ನೋಡಲು ಹೋದಾಗ ಅವನ ತಾಯಿ, "ನೀವೇ ಹೇಳಿ ಮೇಷ್ಟ್ರೆ, ಆ ಹಾಳು ಕಬ್ಬಿಣಾನೆಲ್ಲ ಗುಜರಿಗೆ ಹಾಕಿಸ್ತೀನಿ" ಎಂದರು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಅವನ ಚಿಂತೆ ಪದಕದ್ದಲ್ಲ. "ಮೇಷ್ಟ್ರೆ, ಚೀಲ ಹೊರೋಕೆ ಆಗ್ದಿದ್ರೆ ಆಳು ಕರೀಬೇಕು. ಆಳಿನ ಕೂಲಿ ಕೊಟ್ರೆ ನಂಗೇನು ಉಳಿಯತ್ತೆ?" ಎಂದ. ನಮ್ಮ ಸೀಮೆಯಲ್ಲಿ ಭಾರವೆತ್ತುವ ಶಕ್ತಿಯೆಂಬುದು ಶೋಕಿಯಲ್ಲ; ಎರಡೆಕರೆಯವನಿಗೆ ಅದೇ ಮೂಲಧನ.

ಅವನಲ್ಲಿ ನಡೆದ ತಪ್ಪುಗಳು ಮೂರು. ಮೊದಲನೆಯದು, ವ್ಯಾಯಾಮದ ಭಾರವನ್ನೂ ದುಡಿಮೆಯ ಭಾರವನ್ನೂ ಬೇರೆ ಬೇರೆ ಖಾತೆಗಳಲ್ಲಿ ಬರೆದುಕೊಂಡದ್ದು. ಬೆನ್ನಿಗೆ ಇರುವುದು ಒಂದೇ ಖಾತೆ. ಕಾಯಿ ಇಳಿಸುವ ವಾರ, ಚೀಲ ತುಂಬುವ ವಾರ ವ್ಯಾಯಾಮಶಾಲೆಯಲ್ಲಿ ಬೆನ್ನಿನ ಸಾಧನೆಯನ್ನು ಕೈಬಿಡಬೇಕು. ಎರಡನೆಯದು, ಎದ್ದೊಡನೆಯೇ ಬಗ್ಗಿ ಎತ್ತಿದ್ದು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರನ್ನು ಹೀರಿ ಉಬ್ಬಿರುತ್ತವೆ. ಬೆಳಗ್ಗೆ ಅಳೆದರೆ ಮನುಷ್ಯನು ಸಂಜೆಗಿಂತ ಬೆರಳಿನ ಅಗಲದಷ್ಟು ಎತ್ತರವಾಗಿರುವುದು ಇದರಿಂದಲೇ. ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಬೆಳಗಿನ ಹೊತ್ತು ಬಗ್ಗುವುದನ್ನು ತಡೆದುಕೊಂಡದ್ದರಿಂದಲೇ ಹಳೆಯ ನೋವು ತಗ್ಗಿತೆಂದು ೧೯೯೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದು ಹೇಳುತ್ತದೆ. ಎದ್ದು ಒಂದು ಗಂಟೆಯಾದರೂ ಓಡಾಡಿದ ಮೇಲೆ ಭಾರಕ್ಕೆ ಕೈಹಾಕಬೇಕು. ಮೂರನೆಯದು, ಭಾರವನ್ನು ಹಿಡಿದು ಸೊಂಟವನ್ನು ತಿರುಚಿದ್ದು. ತಿರುಗಬೇಕಾದುದು ಪಾದ, ಸೊಂಟವಲ್ಲ.

ಒಂದೂವರೆ ತಿಂಗಳು ನಡಿಗೆ, ಪಟ್ಟಣದ ಫಿಸಿಯೋಥೆರಪಿಯವರು ಹೇಳಿಕೊಟ್ಟ ಸಣ್ಣ ಸಾಧನೆಗಳು, ಇಷ್ಟಾದ ಮೇಲೆ ಅವನು ಸಲಾಕೆಯನ್ನು ಮುಟ್ಟಿದ. ಆ ಸಣ್ಣ ಸಾಧನೆಗಳಲ್ಲಿ ಒಂದನ್ನು ಮನೆಯವರೆಲ್ಲರೂ ಮಾಡಬಹುದು: ಅಂಗೈ, ಮೊಣಕಾಲುಗಳನ್ನು ಊರಿ ದನದಂತೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ನಡು ಅಲುಗದಂತೆ ಏಳೆಂಟು ಸೆಕೆಂಡು ತಡೆದು, ಅನಂತರ ಕೈಕಾಲು ಬದಲಿಸುವುದು. ಗರಡಿಯ ದಂಡೆಯನ್ನು ಮಾತ್ರ ಈ ಘಟ್ಟದಲ್ಲಿ ನಾನು ಹೇಳೆನು. ಅದು ಉತ್ತಮವಾದ ಸಾಧನೆಯೇ ಸರಿ; ಆದರೆ ಪ್ರತಿ ಸಲವೂ ನಡುವನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುವುದರಿಂದ ಹೊಸದಾಗಿ ಮಾಗುತ್ತಿರುವ ಬೆನ್ನಿಗೆ ಅದು ಅವಸರವಾದೀತು. ಅರ್ಧ ಬಸ್ಕಿ ಉತ್ತಮ.

ಭಾರಕ್ಕೆ ಬಗ್ಗುವ ರೀತಿಯನ್ನು ಮತ್ತೆ ಅಕ್ಷರಾಭ್ಯಾಸದಿಂದ ಕಲಿಯಬೇಕು. ಒಂದು ನೇರವಾದ ಕೋಲನ್ನು ಬೆನ್ನಿನ ಮೇಲೆ ಉದ್ದಕ್ಕೆ ಹಿಡಿದುಕೊಳ್ಳಿರಿ. ತಲೆಯ ಹಿಂಭಾಗ, ಭುಜಗಳ ನಡುವಣ ಬೆನ್ನು, ಸೊಂಟದ ಕೆಳಗಣ ಮೂಳೆ ಈ ಮೂರು ಕಡೆಗೆ ಕೋಲು ತಾಗಿರಲಿ. ಈಗ ಮೊಣಕಾಲನ್ನು ಕೊಂಚ ಸಡಿಲಿಸಿ, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ಮುಚ್ಚುವವರಂತೆ ಹಿಂದಕ್ಕೆ ಸರಿಯುತ್ತ ಬಗ್ಗಿರಿ. ಮೂರು ಕಡೆಯೂ ಕೋಲು ಬಿಡದಿದ್ದರೆ ನೀವು ಬಗ್ಗುತ್ತಿರುವುದು ತೊಡೆಯ ಕೀಲಿನಲ್ಲಿ, ಬಿಟ್ಟರೆ ನಡುವಿನಲ್ಲಿ. ನೂರು ಸಲ ಕೋಲಿನಿಂದ ಸರಿಯಾಗಿ ಬಾರದವನು ಕಬ್ಬಿಣಕ್ಕೆ ಕೈಹಾಕಬಾರದು. ಬಾಗಿದ ಬೆನ್ನಿನಿಂದ ಎತ್ತಿದರೆ ಮುರಿದೇ ಹೋಗುವುದೆಂಬ ಭಯವೂ ಬೇಡ. ಹೊಲದಲ್ಲಿ ನಾಟಿ ಮಾಡುವವರು ದಿನವೆಲ್ಲ ಬಾಗಿಯೇ ಇರುತ್ತಾರೆ. ಆದರೆ ನೊಂದು ಎದ್ದ ಬೆನ್ನಿಗೆ ಮೊದಲ ಕೆಲವು ತಿಂಗಳು ಈ ಮರ್ಯಾದೆಯನ್ನು ಕೊಡುವುದು ಒಳ್ಳೆಯದು. ಭಾರವು ಮೈಗೆ ಎಷ್ಟು ಹತ್ತಿರವಿದ್ದರೆ ನಡುವಿನ ಮೇಲೆ ಹೊರೆ ಅಷ್ಟು ಕಡಿಮೆ. ತಕ್ಕಡಿಯ ದಂಡಿಗೆಯನ್ನು ಬಲ್ಲ ವ್ಯಾಪಾರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನ ಶಿಷ್ಯನು ಸಲಾಕೆಯ ಎರಡು ತುದಿಗಳನ್ನೂ ಇಟ್ಟಿಗೆಗಳ ಮೇಲಿಟ್ಟು ಮೊಣಕಾಲಿನ ಎತ್ತರಕ್ಕೆ ತಂದುಕೊಂಡ. ನೆಲದವರೆಗೆ ಬಗ್ಗುವ ಕೆಲಸ ತಪ್ಪಿತು. ತಟ್ಟೆಗಳಿಲ್ಲದ ಬರಿಯ ಸಲಾಕೆ, ೨೦ ಕಿಲೋ. ಗೆಳೆಯರು ನಕ್ಕರಂತೆ. ವಾರಕ್ಕೆ ಎರಡು ದಿನ, ಪ್ರತಿ ಸರದಿಗೆ ಎಂಟು ಹತ್ತು ಸಲ, ಅಂಥ ಮೂರು ಸರದಿ. ಎತ್ತುವಾಗ ಉಸಿರನ್ನು ಬಿಡುವುದು. ರಕ್ತದೊತ್ತಡವಿರುವವರು ಉಸಿರು ಕಟ್ಟಿ ಎತ್ತಲೇಬಾರದು. ಮರುದಿನ ಬೆಳಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಿಲ್ಲದಿದ್ದರೆ ಮುಂದಿನ ವಾರ ಎರಡೂವರೆಯಿಂದ ಐದು ಕಿಲೋ ಹೆಚ್ಚಿಸುವುದು. ಹೆಚ್ಚಿದ್ದರೆ ಒಂದು ಮೆಟ್ಟಿಲು ಇಳಿಯುವುದು. ಸಾಧನೆಯ ಹೊತ್ತಿನಲ್ಲಿ ಹತ್ತರಲ್ಲಿ ಎರಡು ಮೂರರಷ್ಟು ನೋವು ಕಂಡು ರಾತ್ರಿಯೊಳಗೆ ಅಡಗಿದರೆ ಅದಕ್ಕೆ ಹೆದರಬೇಕಾಗಿಲ್ಲ. ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಸಲಾಕೆಯನ್ನು ನೆಲಕ್ಕೆ ಇಳಿಸಲು ಅವನಿಗೆ ಮೂರು ತಿಂಗಳು ಹಿಡಿಯಿತು. ಐದನೆಯ ತಿಂಗಳಲ್ಲಿ ನೆಲದಿಂದ ೭೦ ಕಿಲೋ ಎತ್ತಿದ. ಒಮ್ಮೆಗೇ ತಲೆಯ ಮೇಲಕ್ಕೆ ಎಸೆದಂತೆ ಎತ್ತುವ ವರಸೆಗಳನ್ನು ಇನ್ನೂ ಆರಂಭಿಸಿಲ್ಲ. ಎಲ್ಲಕ್ಕಿಂತ ಕೊನೆಗೆ ಮರಳಬೇಕಾದುವು ಅವೇ. ಕಬ್ಬಿಣ ಗುಜರಿಗೆ ಹೋಗಲಿಲ್ಲ; ತಾಯಿಯವರು ಈಗ ಅದರ ಮೇಲೆ ಹಪ್ಪಳದ ಬಟ್ಟೆಯನ್ನು ಒಣಗಹಾಕುತ್ತಾರೆ.

ಎಷ್ಟು ಎತ್ತಬೇಕೆಂಬ ಪ್ರಶ್ನೆಗೆ ನಮ್ಮ ಪ್ರಾಚೀನರು ಕೊಟ್ಟ ಉತ್ತರವನ್ನು ಇಂದಿನವರೂ ಮೀರಿಲ್ಲ. ಸುಶ್ರುತ, ವಾಗ್ಭಟರು ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾತ್ರ ಮಾಡಬೇಕೆಂದು ವಿಧಿಸಿದ್ದಾರೆ. ಅರ್ಧಶಕ್ತಿಯೆಂದರೆ ಭಾರದಲ್ಲಿ ಅರ್ಧವೆಂದು ತಿಳಿಯಕೂಡದು. ಹಣೆ, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿಯಿಂದ ಉಸಿರಾಡಬೇಕೆನ್ನಿಸುವ ಹೊತ್ತಿಗೆ ನಿಲ್ಲಿಸುವುದೇ ಅದರ ಗುರುತು. ಇಂದಿನ ಶಿಕ್ಷಕರು "ಇನ್ನೂ ಎರಡು ಮೂರು ಸಲ ಎತ್ತಬಲ್ಲೆ ಎನ್ನಿಸುವಾಗಲೇ ಇಳಿಸು" ಎನ್ನುತ್ತಾರೆ. ಎರಡೂ ಒಂದೇ ಮಾತು. ಚರಕನಾದರೋ 'ಸಾಹಸ' ಎಂಬುದನ್ನು ಶೋಷರೋಗದ ನಾಲ್ಕು ಕಾರಣಗಳಲ್ಲಿ ಮೊದಲನೆಯದಾಗಿ ಎಣಿಸಿದ್ದಾನೆ. ಕನ್ನಡದಲ್ಲಿ ನಾವು ಸಾಹಸವೆಂದರೆ ಶೌರ್ಯವೆಂದು ಹೊಗಳುತ್ತೇವೆ; ವೈದ್ಯಶಾಸ್ತ್ರದಲ್ಲಿ ಅದರ ಅರ್ಥ ತನ್ನ ಬಲವನ್ನು ಮೀರಿದ ಕಾರ್ಯ. ಬಲ್ಲಿದನೊಡನೆ ಸೆಣಸುವುದು, ದೊಡ್ಡ ಬಿಲ್ಲನ್ನು ಎಳೆಯುವುದು, ಅತಿಭಾರವನ್ನು ಹೊರುವುದು ಇವೇ ಅವನ ಉದಾಹರಣೆಗಳು. ಆನೆಯನ್ನು ಎಳೆಯಹೋದ ಸಿಂಹವು ತಾನೇ ನಾಶವಾಗುವ ಉಪಮೆಯೂ ಅವನಲ್ಲಿದೆ. ವ್ಯಾಯಾಮಶಾಲೆಗಳಲ್ಲಿ ಗೋಡೆಯ ಮೇಲೆ ಸಿಂಹದ ಚಿತ್ರವನ್ನು ಬರೆಸುವವರು ಪಕ್ಕದಲ್ಲಿ ಆ ಆನೆಯನ್ನೂ ಬರೆಸಿದರೆ ಚೆನ್ನು.

ದುಡಿಮೆಯ ಭಾರದ ಬಗ್ಗೆ ಲೋಕದಲ್ಲಿ ಕೆಲವು ಮಿತಿಗಳನ್ನು ಹೇಳಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿ ಒಬ್ಬ ವಯಸ್ಕ ಪುರುಷನು ಹೊರತಕ್ಕ ಗರಿಷ್ಠ ಭಾರವು ೫೫ ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಅಮೆರಿಕದ ಉದ್ಯೋಗಾರೋಗ್ಯ ಸಂಸ್ಥೆಯು ೧೯೯೧ರ ತನ್ನ ಸೂತ್ರದಲ್ಲಿ ಎಲ್ಲ ಅನುಕೂಲಗಳೂ ಕೂಡಿದ್ದಾಗಲೇ, ಎಂದರೆ ಭಾರವು ಮೈಗೆ ಹತ್ತಿರ, ಸೊಂಟದ ಎತ್ತರದ ಸುತ್ತಮುತ್ತ, ಹಿಡಿ ಚೆನ್ನಾಗಿ ಇದ್ದಾಗಲೇ, ೨೩ ಕಿಲೋ ಎಂದು ಇಟ್ಟುಕೊಂಡಿದೆ. ನಮ್ಮ ಸಿಮೆಂಟಿನ ಚೀಲ ೫೦ ಕಿಲೋ. ಯೂರಿಯಾ ಚೀಲವನ್ನು ೨೦೧೮ರಲ್ಲಿ ೫೦ರಿಂದ ೪೫ ಕಿಲೋಗೆ ಇಳಿಸಿದರು; ಅದು ಗೊಬ್ಬರದ ಬಳಕೆ ತಗ್ಗಲೆಂದು ಮಾಡಿದ್ದು, ನಮ್ಮ ನಡುವಿನ ಮೇಲಣ ಕರುಣೆಯಿಂದಲ್ಲ; ಆದರೂ ಐದು ಕಿಲೋ ಲಾಭ ಲಾಭವೇ. ಬೆನ್ನು ನೊಂದವನ ಮನೆಯಲ್ಲಿ ಕೊಬ್ಬರಿಯನ್ನು ಅರ್ಧ ಚೀಲಗಳಲ್ಲಿ ತುಂಬುವುದು, ಚೀಲವನ್ನು ನೆಲದ ಮೇಲಿಡದೆ ಜಗಲಿಯ ಎತ್ತರದಲ್ಲಿಟ್ಟು ಅಲ್ಲಿಂದ ಹೆಗಲಿಗೆ ತೆಗೆದುಕೊಳ್ಳುವುದು, ಇಬ್ಬರು ಹಿಡಿದು ಎತ್ತುವುದು, ಅಟ್ಟದಿಂದ ಕಾಯನ್ನು ಹಲಗೆಯ ಜಾರುದಾರಿಯಲ್ಲಿ ಉರುಳಿಸುವುದು ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಡ. ಹೆಂಗಸರ ವಿಷಯದಲ್ಲಿಯೂ ಇದೇ ನ್ಯಾಯ. ತುಂಬಿದ ಬಿಂದಿಗೆ, ನೆನೆದ ಬಟ್ಟೆಯ ಬುಟ್ಟಿ, ಗಂಗಾಳ, ಹಟ ಮಾಡುವ ಮಗು ಇವೂ ಭಾರವೇ. ಬಾಣಂತಿಯರಂತೂ ಮಗುವನ್ನು ಒಂದೇ ಕಂಕುಳಲ್ಲಿ ಇಟ್ಟುಕೊಳ್ಳುವ ಅಭ್ಯಾಸವನ್ನು ಬಿಡಬೇಕು.

ಸೊಂಟಕ್ಕೆ ಕಟ್ಟುವ ಅಗಲವಾದ ಪಟ್ಟಿಯನ್ನು ನಂಬಿ ಭಾರವನ್ನು ಹೆಚ್ಚಿಸುವವರಿದ್ದಾರೆ. ಆ ಪಟ್ಟಿಯಿಂದ ಆರೋಗ್ಯವಂತರಾದ ಕೆಲಸಗಾರರಿಗೆ ಬೆನ್ನುನೋವು ತಪ್ಪುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಮೇಲೆ ಹೇಳಿದ ಅಮೆರಿಕದ ಸಂಸ್ಥೆಯೇ ೧೯೯೪ರಲ್ಲಿ ಹೇಳಿತು. ಪಳಗಿದ ಮಲ್ಲನು ಅತಿಭಾರವನ್ನೆತ್ತುವಾಗ ಅದನ್ನು ಕಟ್ಟಿಕೊಳ್ಳಲಿ. ಮರಳಿ ಕಲಿಯುವವನು ಮೊದಲು ತನ್ನ ಹೊಟ್ಟೆಯ ಸ್ನಾಯುಗಳನ್ನೇ ಬಿಗಿಹಿಡಿಯಲು ಕಲಿಯಬೇಕು. ಬೀಡಿ ಸಿಗರೇಟುಗಳು ಬೆನ್ನಿಗೂ ಶತ್ರುಗಳೆಂಬುದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದುವರಿಯುತ್ತೇನೆ.

ಕಡೆಯದಾಗಿ, ಬೆನ್ನುನೋವು ಮರಳಿ ಬರುವ ಸ್ವಭಾವದ್ದೆಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಚೇತರಿಸಿಕೊಂಡವರನ್ನು ಒಂದು ವರ್ಷ ಗಮನಿಸಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ ೬೯ ಮಂದಿಗೆ ನೋವು ಒಮ್ಮೆಯಾದರೂ ಮರುಕಳಿಸಿತ್ತು. ಹಾಗೆ ಬಂದಾಗ "ನಾನು ಆಗಲೇ ಹೇಳಿದೆ" ಎಂದು ಹಿರಿಯರು ಅನ್ನಬಾರದು. "ಎಲ್ಲ ಮುಗಿಯಿತು" ಎಂದು ಹುಡುಗನು ಅಂದುಕೊಳ್ಳಬಾರದು. ಮೊದಲು ಮೇಲೆ ಹೇಳಿದ ಅಪಾಯದ ಲಕ್ಷಣಗಳಿವೆಯೇ ಎಂದು ನೋಡಬೇಕು. ಇಲ್ಲವಾದರೆ ಒಂದೆರಡು ದಿನ ಬಿಸಿನೀರಿನ ಶ್ಯಾಕ, ನಡಿಗೆ, ವೈದ್ಯರು ಹೇಳಿದ ಮಾತ್ರೆ. ಆಮೇಲೆ ಇಟ್ಟಿಗೆಗಳನ್ನು ಮತ್ತೆ ಇಟ್ಟು, ಎತ್ತುತ್ತಿದ್ದ ಭಾರದ ಅರ್ಧದಿಂದ ಪುನಃ ಆರಂಭ. ಎರಡನೆಯ ಸಲ ಏರುವುದು ಮೊದಲನೆಯ ಸಲಕ್ಕಿಂತ ಸಾಮಾನ್ಯವಾಗಿ ಬೇಗ. ಯಾವ ದಿನ ಎಷ್ಟು ಎತ್ತಿದೆ, ಮರುದಿನ ಹೇಗಿತ್ತು ಎಂಬುದನ್ನು ಕಾಯಿಯ ಲೆಕ್ಕದ ಪುಸ್ತಕದಲ್ಲಿಯೇ ಒಂದು ಪುಟ ಬಿಟ್ಟು ಬರೆದಿಡುತ್ತಿದ್ದರೆ, ಯಾವ ಮೆಟ್ಟಿಲಿಗೆ ಇಳಿಯಬೇಕೆಂಬುದು ಆ ಪುಟವನ್ನು ತೆರೆದೊಡನೆ ಗೊತ್ತಾಗುತ್ತದೆ.